ಕೈಗೆ ಹಾಕುವ ಚಪ್ಪಲಿ

ಸನಾತುಗೆ ನಡೆಯುವ ಕಾಲಿರಲಿಲ್ಲ. ಎಳವೆಯಲ್ಲಿ ಬಂದ ಜ್ವರ ಎರಡನ್ನೂ ಒಣಗಿಸಿಬಿಟ್ಟಿತ್ತು. ಊರವರು ಚಪ್ಪಲಿಯನ್ನು ಕಾಲಿಗೆ ಹಾಕಿದರೆ ಅವಳು ಕೈಗೆ ಹಾಕಿಕೊಂಡು ತೆವಳುತ್ತಿದ್ದಳು. ದೂರ ಹೋಗುವುದಿದ್ದರೆ ದೊಡ್ಡಪ್ಪನ ಮಗ ನಪಾರಿ ಬೆನ್ನ ಮೇಲೆ ಹೊರುತ್ತಿದ್ದ.

ಈ ಶುಕ್ರವಾರ ಊರ ದೊರೆಯ ಮನೆಗೆ ಅವಳು ತಾನೇ ಬಂದಳು. ತಮಾಲೆ ಪಟ್ಟಣದ ಬೆಸುಗೆಯವರು ಮಾಡಿಕೊಟ್ಟ ಮೂರು ಚಕ್ರದ ಕುರ್ಚಿ, ದಪ್ಪ ಟೈರು, ಎರಡು ಬದಿಗೂ ತಳ್ಳುವ ಸನ್ನೆಗೋಲು. ಅದಕ್ಕೆ ಮರಳೂ ಒಂದೇ, ಹೊಲದ ಸಾಲೂ ಒಂದೇ. ಮಡಿಲಲ್ಲಿ ದೊರೆಗೆ ಕಾಣಿಕೆಯೆಂದು ಕೋಲಾ ಬೀಜದ ಪೊಟ್ಟಣವಿತ್ತು.

ನ್ಯಾಯ ಅಪ್ಪನ ಹೊಲದ್ದು. ಅಪ್ಪ ಸತ್ತಾಗ, ಇವಳೇನು ಬೇಸಾಯ ಮಾಡುತ್ತಾಳೆ ಎಂದು ಹಿರಿಯರು ಅದನ್ನು ನಪಾರಿಗೆ ಒಪ್ಪಿಸಿದ್ದರು. ಈ ಮಳೆಗಾಲ ಅವನು ಬೀಳುಬಿಟ್ಟಿದ್ದ. ಸನಾತು ಕುರ್ಚಿಯಲ್ಲಿ ಹೋಗಿ, ಮೋಟು ಗುದ್ದಲಿ ಹಿಡಿದು, ಶೇಂಗಾ ಬಿತ್ತಿದಳು. ಈಗ ಕೀಳುವ ಕಾಲ ಬಂದಿತ್ತು, ಬೆಳೆ ಯಾರದೆಂದು ದೊರೆ ತೀರ್ಮಾನಿಸಬೇಕಿತ್ತು.

ಬಾಗಿಲಲ್ಲಿ ದೊರೆಯ ಪರವಾಗಿ ಮಾತಾಡುವ ಮುದುಕ ವುಲಾನಾ ಕೋಲೂರಿ ಅಡ್ಡ ನಿಂತ.

"ಚಪ್ಪಲಿ ಆಚೆ ಬಿಡವ್ವ."

ಸನಾತು ಪಕ್ಕದಲ್ಲಿ ಸಿಕ್ಕಿಸಿಕೊಂಡಿದ್ದ ರಬ್ಬರ್ ಚಪ್ಪಲಿ ತೆಗೆದು, ಬಾಗಿ, ಉಳಿದವರ ಚಪ್ಪಲಿಗಳ ಸಾಲಿನಲ್ಲಿಟ್ಟಳು.

"ಇವಲ್ಲ. ಅವು ಮೂರು." ಮುದುಕ ಚಕ್ರ ತೋರಿಸಿದ.

"ಅವು ಚಪ್ಪಲಿ ಅಲ್ಲ ತಾತ, ಕಾಲು."

"ಮೂರು ಕಾಲೇ?"

"ಕೋಲು ಸೇರಿ ನಿಮಗೂ ಮೂರೇ ಅಲ್ವಾ?"

ಒಳಗೆ ನೆಲದ ಮೇಲೆ ಕೂತವರು ನಕ್ಕರು. ಮುದುಕ ನಗಲಿಲ್ಲ.

"ಹುಡುಗಾಟ ಅಲ್ಲ ಇದು. ನಮ್ಮಪ್ಪನ ಕಾಲದಿಂದ ದೊರೆ ಮುಂದೆ ಎಲ್ಲಾರೂ ನೆಲಕ್ಕೇ ಕೂತಿದಾರೆ. ಇವತ್ತು ನೀನು ಕುರ್ಚಿ ಮೇಲೆ ಬಾ. ನಾಳೆ ದುಡ್ಡಿದ್ದೋನು ಮೋಟಾರ್ ಬೈಕ್ ಮೇಲೆ ಬರ್ತಾನೆ."

ನಪಾರಿ ಎದ್ದು ಬಂದ. ಹಳೆಯ ರೂಢಿಯಂತೆ ಅವಳಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತ. "ಹತ್ತು ತಂಗಿ. ಯಾಕೆ ರಂಪ."

"ಬೇಡಣ್ಣ. ನಿನ್ನ ಬೆನ್ನ ಮೇಲೇ ಕೂತು ನಿನ್ನ ಮೇಲೇ ದೂರು ಹೇಳೋದು ಹೆಂಗೆ?"

"ಹೊತ್ತು ಹೊತ್ತು ನನ್ನ ಸೊಂಟ ಹೋಯ್ತು. ನನಗೂ ಐದು ಮಕ್ಕಳಿದಾವೆ. ಅದೆಲ್ಲ ಮರೆತೆಯಾ?"

"ಮರೆತಿಲ್ಲ. ಹೊತ್ತೋನಿಗೆ ಇಳಿಸೋದೂ ಗೊತ್ತಿರಬೇಕು."

ಅವಳು ಸನ್ನೆಗೋಲು ಬಿಗಿಯಾಗಿ ಹಿಡಿದಳು. ಒಮ್ಮೆ ಇಳಿದು ತೆವಳಿದರೆ ಮುಗಿಯಿತು. ಆಮೇಲೆ ಬೇಸಾಯದ ಮಾತು ಎಷ್ಟೇ ಆಡಿದರೂ ಇವರ ಕಣ್ಣಿಗೆ ಬೀಳುವುದು ತೆವಳುವ ಸನಾತು ಮಾತ್ರ.

ಒಳಗಿನಿಂದ, ಚರ್ಮ ಹಾಸಿದ ಎತ್ತರದ ಜಗಲಿಯಿಂದ, ದೊರೆಯ ದನಿ ಬಂತು. "ವುಲಾನಾ, ಕಾಲು ಮಣ್ಣಾದೋರು ಏನು ಮಾಡ್ತಾರೆ?"

"ತೊಳೀತಾರೆ, ದೊರೆ."

"ಮತ್ತೆ?"

ಮುದುಕ ಕೋಲನ್ನು ಗೋಡೆಗೊರಗಿಸಿ, ನಮಾಜಿಗೆ ಇಟ್ಟಿದ್ದ ಗಿಂಡಿ ತಂದ. ಮಂಡಿಯೂರಿ ಒಂದೊಂದೇ ಚಕ್ರಕ್ಕೆ ನೀರು ಹೊಯ್ದು ಅಂಗೈಯಿಂದ ಉಜ್ಜಿದ.

"ಮುಂದಿಂದು ಭಾರೀ ಕೊಳಕು" ಎಂದು ಗೊಣಗಿದ.

"ಹೊಲದ್ದು ತಾತ." ಸನಾತು ಎಲ್ಲರಿಗೂ ಕೇಳುವಂತೆ ಹೇಳಿದಳು.

ಕೆಂಪು ನೀರು ನಪಾರಿಯ ಬರಿಗಾಲಿನವರೆಗೆ ಹರಿಯಿತು. ಅದರಲ್ಲಿ ಶೇಂಗಾ ಎಲೆಯೊಂದು ತೇಲುತ್ತಿತ್ತು. ಅವನು ಅದನ್ನೇ ನೋಡಿದ.

ಸನಾತು ಕುರ್ಚಿ ತಳ್ಳಿದಳು. ಮುಂದಿನ ಚಕ್ರ ಮಣ್ಣಿನ ಎತ್ತರದ ಹೊಸ್ತಿಲಿಗೆ ಬಡಿದು ನಿಂತಿತು. ನಪಾರಿ ಅಂಗಳದ ಮೂಲೆಯಲ್ಲಿದ್ದ ಗುದ್ದಲಿ ತಂದು ದೊರೆಯತ್ತ ನೋಡಿದ. ದೊರೆ ತಲೆಯಾಡಿಸಿದರು. ನಾಲ್ಕು ಏಟಿಗೆ ಹೊಸ್ತಿಲು ಪುಡಿಯಾಯಿತು.

"ಸಂಜೆ ಇಳಿಜಾರು ಮಾಡಿಕೊಡ್ತೀನಿ" ಎಂದ ನಪಾರಿ, ಯಾರ ಮುಖವನ್ನೂ ನೋಡದೆ.

ಸನಾತು ಒಳಗೆ ಬಂದು, ಹಣೆ ಮಂಡಿಗೆ ತಾಗುವಷ್ಟು ಬಾಗಿ, ಊರ ರೂಢಿಯಂತೆ ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸಿದಳು. ತನ್ನ ಮಾತನ್ನು ತಾನೇ ಆಡಿದಳು.

"ನಿಂದೇನಾದ್ರೂ ಇದೆಯಾ?" ದೊರೆ ನಪಾರಿಯನ್ನು ಕೇಳಿದರು.

"ಆ ಮಣ್ಣು ನನಗೆ ಗೊತ್ತು, ದೊರೆ. ಬಿತ್ತಿದೋಳು ಅವಳೇ."

"ಹಾಗಾದ್ರೆ ಅವಳೇ ಕೀಳಲಿ. ಇನ್ನು ಮುಂದೂ ಬಿತ್ತಲಿ."

ಆ ಶುಕ್ರವಾರ ಕಳೆದುಹೋದದ್ದು ಇಷ್ಟು: ದೊರೆಯ ಮನೆಗೆ ಒಂದು ಹೊಸ್ತಿಲು, ನಪಾರಿಗೆ ಒಂದು ಹೊಲ, ಸನಾತುಗೆ ಬಾಗಿಲಲ್ಲೇ ಮರೆತುಬಂದ ಒಂದು ಜೊತೆ ಚಪ್ಪಲಿ.