ಹಿಂದಿನ ಬಲ ಚಕ್ರ

ಕಾರು ನಿಲ್ಲುವ ಮೊದಲೇ ವಾಸನೆ ಬಂತು. ಸುಟ್ಟ ಬ್ರೇಕಿನದು, ಅದರ ಜೊತೆ ಬಂಗಡೆಯದು. ಹಿಂದಿನ ಸೀಟು ಕಿತ್ತು ಮೀನಿನ ಟ್ರೇ ತುಂಬುವ ಕಾರು ಅದು. ಅದರ ಧಣಿ ಭಟ್ಕಳದ ದೇವರಾಜ ಸಾವ್ಕಾರ, ನಾಲ್ಕು ಬೋಟು ಇಟ್ಟವನು. ಓಡಿಸುವವನು ಮಾಬ್ಲ, ಹತ್ತು ವರ್ಷ ಅದೇ ಸಾವ್ಕಾರನ ಬೋಟಿನಲ್ಲಿ ಬಲೆ ಎಳೆದವನು. ಬ್ರೇಕ್ ಪ್ಯಾಡು ಬದಲಿಸಬೇಕೆಂದು ಹೊನ್ನಾವರದ ನನ್ನ ಗ್ಯಾರೇಜಿಗೆ ತಂದಿದ್ದ.

ಹಿಂದಿನ ಬಲ ಚಕ್ರ ಬಿಚ್ಚಿದೆ. ಒಳಗಿನ ಪ್ಯಾಡು ಸವೆದು ಕಬ್ಬಿಣ ಕಾಣುತ್ತಿತ್ತು, ಹೊರಗಿನದು ಅರ್ಧವೂ ಸವೆದಿರಲಿಲ್ಲ. ಅಂದರೆ ದೋಷ ಪ್ಯಾಡಿನದಲ್ಲ, ಅದನ್ನು ಒತ್ತುವ ಕ್ಯಾಲಿಪರಿನದು. ಕ್ಯಾಲಿಪರು ಜಾರಬೇಕಾದ ಪಿನ್ನು ಅಲುಗಲೇ ಇಲ್ಲ. ಹೊಡೆದು ಎಳೆದರೆ ಕಪ್ಪು ಗ್ರೀಸು ಮೆತ್ತಿಕೊಂಡು ಬಂತು. ಅದರ ರಬ್ಬರು ಊದಿಹೋಗಿತ್ತು.

"ಇದೆಂತ ಹಾಕಿದ್ಯೋ ಮಾರಾಯ?"

"ಬೋಟಿಂದು. ಸಾವ್ಕಾರ್ರೇ ಡಬ್ಬಿ ಕೊಟ್ರು. ಬೋಟಿಗೆ ಆಗೂದು ಕಾರಿಗೆ ಆಗೂದಿಲ್ವಾ ಅಂದ್ರು."

ಬೋಟಿನ ಗ್ರೀಸು ಈ ರಬ್ಬರನ್ನು ತಿನ್ನುತ್ತದೆ. ಮೇಲಿಂದ ಐಸ್ ಕರಗಿದ ಉಪ್ಪುನೀರು ಸೋರಿ ಕ್ಯಾಲಿಪರಿನ ಪಿಸ್ಟನ್ನಿಗೂ ತುಕ್ಕು ಹಿಡಿದಿತ್ತು. ಹೊಸ ಕ್ಯಾಲಿಪರು ಹುಬ್ಬಳ್ಳಿಯಿಂದ ಬರಲು ಎರಡು ದಿನ ಬೇಕು, ಅಲ್ಲಿವರೆಗೆ ಗಾಡಿ ಬಿಡುವುದಿಲ್ಲ ಎಂದು ಸಾವ್ಕಾರನಿಗೆ ಫೋನ್ ಮಾಡಿದೆ. ಎರಡು ದಿನ ನಿಂತರೆ ಸಾಗರದ ಗಿರಾಕಿ ಕೈತಪ್ಪುತ್ತಾನಂತೆ. ಪ್ಯಾಡು ಹಾಕಿ ಬಿಡು, ಇಲ್ಲವಾದರೆ ನನ್ನ ಆರು ಗಾಡಿಯಲ್ಲಿ ಒಂದೂ ನಿನ್ನ ಬಾಗಿಲಿಗೆ ಬರುವುದಿಲ್ಲ ಎಂದ.

ಆ ಆರು ಗಾಡಿ ಇಲ್ಲದೆ ನನ್ನ ಗ್ಯಾರೇಜೇ ಇಲ್ಲ. ಪಿನ್ನು ಉಜ್ಜಿ ಹೊಸ ಪ್ಯಾಡು ತುರುಕಿದೆ. ಥೂ ನನ್ನ ಜನ್ಮಕ್ಕೆ. ಘಾಟಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಚಕ್ರ ತಣಿಸಿಕೊಂಡು ಹೋಗು ಎಂದು ಮಾಬ್ಲನಿಗೆ ಹೇಳಿದೆ. ಆತು ಎಂದು ನಕ್ಕ.

ಮೂರನೇ ದಿನ ಸಾಗರದಲ್ಲಿ ಮೀನು ಇಳಿಸಿ ಗೇರುಸೊಪ್ಪೆ ಘಾಟಿ ಇಳಿಯುತ್ತಿದ್ದ. ಕಚ್ಚಿದ ಪ್ಯಾಡು ಬಿಡಲಿಲ್ಲ. ಬ್ರೇಕಿನ ಎಣ್ಣೆ ಕುದಿದು ಪೆಡಲು ನೆಲಕ್ಕೆ ಕೂತಿತು. ಕಾರು ಬಂಡೆಗೆ ಗುದ್ದಿ ಮಾಬ್ಲನ ಎಡಗಾಲು ನುಚ್ಚಾಯಿತು. ನಾಳೆಯೊಳಗೆ ಆಪರೇಶನ್ ಆಗದಿದ್ದರೆ ಕಾಲು ತೆಗೆಯಬೇಕು ಎಂದರು ಡಾಕ್ಟರು.

ನಾನು ಆಸ್ಪತ್ರೆಗೆ ಹೋದಾಗ ಸಾವ್ಕಾರ ಮಂಚದ ಪಕ್ಕ ಕೂತಿದ್ದ, ಕೈಯಲ್ಲೊಂದು ಕಾಗದ. ‘ಗಾಡಿ ಸರಿಯಿತ್ತು, ನಾನೇ ತೂಕಡಿಸಿದೆ’ ಎಂದು ಬರೆದು ಮಾಬ್ಲನ ಸಹಿ ಹಾಕಿಸಿಕೊಂಡಿದ್ದ. ಸಹಿ ಹಾಕಿದ್ದಕ್ಕೇ ಆಪರೇಶನ್ ಖರ್ಚು ಕೊಡುತ್ತಾನಂತೆ. ಬ್ರೇಕು ಸರಿಯಿತ್ತೆಂದು ನಾನೂ ಸಹಿ ಹಾಕಬೇಕಂತೆ, ವಿಮೆಯವರಿಗೆ ತೋರಿಸಲು.

"ಹಾಕು ಭಾವ," ಎಂದ ಮಾಬ್ಲ, ಗೋಡೆ ನೋಡುತ್ತ.

ಪೆನ್ನು ಹಿಡಿದೆ. ಮತ್ತೆ ಕೆಳಗಿಟ್ಟೆ. "ಬ್ರೇಕು ಹಾಳಾಗಿದ್ದು ನಂಗೂ ಗೊತ್ತಿತ್ತು, ಇವ್ರಿಗೂ ಗೊತ್ತಿತ್ತು. ಹಂಗೇ ಬರೀತೆ, ನನ್ನ ಜೈಲಿಗೆ ಹಾಕ್ಲಿ. ನೀ ಹೇಳು ಮಾಬ್ಲ, ನೀ ತೂಕಡಿಸಿದ್ಯಾ?"

ಸಾವ್ಕಾರ ನಕ್ಕ.

"ಅವನಿಗೆಂತ ಕೇಳೂದು ಭಾಸ್ಕರ? ಕುಡಿದಿದ್ದ ಅಂತ ಬರೆಸ್ಲಿಲ್ಲ, ಅದೇ ದೊಡ್ಡದು."

ಮಾಬ್ಲ ಈ ಕಡೆ ತಿರುಗಿದ. ಹತ್ತು ವರ್ಷದಲ್ಲಿ ಅವನು ಸಾವ್ಕಾರನ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಆ ಕಾಗದ ಕೊಡಿ, ಸಾವ್ಕಾರ್ರೆ."

"ಕಾಲು?"

"ಕಡೀಲಿ. ಕಾಗದ ಕೊಡಿ."

ಸಾವ್ಕಾರ ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಎದ್ದ. ನಾನು ವಾರ್ಡಿನ ಬಾಗಿಲಿಗೆ ಅಡ್ಡ ನಿಂತೆ.