ಪಾಲಾದ ಚಿಕ್ಕಿ

ನಾನು ಒಂದು ಕ್ರಿಸ್‌ಮಸ್ ಚಿಕ್ಕಿ. ಬೇರೆ ಊರವರು ನಕ್ಷತ್ರ ಅನ್ನಬಹುದು. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದ ನನಗೆ ಚಿಕ್ಕಿ ಅಂದರೇನೇ ಮೈ ತುಂಬಿದ ಹಾಗೆ.

ನನ್ನನ್ನು ಹುಟ್ಟಿಸಿದವನು ನೇಕಾರ ದೇವದಾನಪ್ಪ. ಬಿದಿರು ಸೀಳಿ, ಐದು ಮೂಲೆಯ ಎರಡು ಚೌಕಟ್ಟು ಕಟ್ಟಿದ. ಒಂದರ ಬೆನ್ನಿಗೆ ಇನ್ನೊಂದನ್ನಿಟ್ಟು ತುದಿಗಳನ್ನು ಬಿಗಿದ. ನಡುವೆ ಗೇಣುದ್ದದ ಕಡ್ಡಿಗಳನ್ನು ಸಿಕ್ಕಿಸಿದ ಕೂಡಲೇ ಎರಡೂ ಉಬ್ಬಿ ನನಗೆ ಹೊಟ್ಟೆ ಬಂತು. ಮಗ್ಗದಲ್ಲಿ ಉಳಿದ ನೂಲೇ ನನ್ನ ನರ, ನೂಲಿಗೆ ಹಚ್ಚುವ ಗಂಜಿಯೇ ನನ್ನ ಅಂಟು. ಕೆಂಪು ಹಾಳೆ ಹೊದಿಸಿ, ಹೊಟ್ಟೆಯೊಳಗೆ ಬಲ್ಬು ಇಳಿಬಿಟ್ಟು, ಬಾಗಿಲ ಮುಂದೆ ಗಳದ ತುದಿಗೆ ಏರಿಸಿದ.

"ಕಾಣತೈತೇನ?" ಎಂದು ಕೂಗಿ ಕೇಳಿದ.

ಹೆಂಡತಿ ಕರುಣವ್ವ ಓಣಿಯ ತಿರುವಿನಲ್ಲಿ ನಿಂತಿದ್ದಳು. ಆಕೆಯ ಕಣ್ಣು ಆಗಲೇ ಮಂಜು. "ನಿಮ್ಮ ಮಾರಿ ಕಾಣವಲ್ಲದು. ಚಿಕ್ಕಿ ಕಾಣತೈತಿ, ಸಾಕು!" ಎಂದು ನಕ್ಕಳು.

ತಿರುವು ದಾಟಿದರೆ ಮೊದಲು ಸಿಗುವ ಚಿಕ್ಕಿ ನಾನೇ. ಡಿಸೆಂಬರಿನಲ್ಲಿ ಸಂಜೆ ಪ್ರಾರ್ಥನೆ ಮುಗಿಸಿ ಕರುಣವ್ವ ನನ್ನ ಬೆಳಕು ಹಿಡಿದೇ ಮನೆಗೆ ಬರುತ್ತಿದ್ದಳು. ವರ್ಷವರ್ಷವೂ ಹಿರಿಯ ಮಗ ಯೋನ ನನ್ನನ್ನು ಹಿಡಿದು ನಿಲ್ಲುತ್ತಿದ್ದ, ಕಿರಿಯ ಎಲೀಷ ಹೊಸ ಹಾಳೆ ಹಚ್ಚುತ್ತಿದ್ದ.

ದೇವದಾನಪ್ಪ ಸತ್ತ. ಮಕ್ಕಳು ಮಗ್ಗ ಹಂಚಿಕೊಂಡರು, ಕೊಡ ಹಂಚಿಕೊಂಡರು, ಮನೆಯ ನಡುವೆ ಗೋಡೆ ಎಬ್ಬಿಸಿದರು. ತಾಯಿಗೆ ಮಧ್ಯಾಹ್ನದ ರೊಟ್ಟಿ ಯೋನನ ಮನೆಯಲ್ಲಿ, ರಾತ್ರಿಯದು ಎಲೀಷನ ಮನೆಯಲ್ಲಿ. ಕಡೆಗೆ ಉಳಿದದ್ದು ನಾನು.

"ಅಪ್ಪನ ಚಿಕ್ಕಿ ಹಿರೇಮಗಗ ಬರಬೇಕು," ಅಂದ ಯೋನ.

"ಗಂಜಿ ಕಾಸಿ ಹಾಳಿ ಹಚ್ಚಿದಾಂವ ನಾನು. ನೀ ಬರೇ ಕಂಬದಂಗ ನಿಂದರತಿದ್ದಿ!"

"ಹಂಗಾರ ಇದನ್ನೂ ಪಾಲ ಮಾಡೂಣು, ತಗೋ!"

ಯೋನ ಚಾಕು ತಂದು ದೇವದಾನಪ್ಪನ ಗಂಟುಗಳನ್ನು ಕೊಯ್ದ. ನನಗೆ ಕೈ ಇದ್ದಿದ್ದರೆ ಅಣ್ಣನಿಗೊಂದು, ತಮ್ಮನಿಗೊಂದು ಬಾರಿಸುತ್ತಿದ್ದೆ. ಹೊಟ್ಟೆಯನ್ನೇ ಹಂಚಿಕೊಂಡ ಮೇಲೆ ದೀಪ ಎಲ್ಲಿಡುತ್ತೀರೋ, ಮೂಳರಾ? ಅಂತ ಒದರಬೇಕೆನಿಸಿತು. ಬಾಯಿ ಎಲ್ಲಿತ್ತು? ಒಳಗಿನ ಕಡ್ಡಿಗಳು ಉದುರಿ ಅಂಗಳಕ್ಕೆ ಬಿದ್ದವು.

ಕರುಣವ್ವ ತಡಕಾಡಿ ಅವನ್ನು ಆರಿಸಿ ಉಡಿಯಲ್ಲಿ ಹಾಕಿಕೊಂಡಳು. "ಇವು ಯಾರ ಪಾಲಿಗೂ ಬಂದಿಲ್ಲಲ್ಲ. ನನ್ನ ಪಾಲಿಗಿರ್ಲಿ."

ಆ ಡಿಸೆಂಬರಿನಲ್ಲಿ ಎರಡೂ ಬಾಗಿಲಿಗೆ ಅರ್ಧರ್ಧ ನೇತುಬಿದ್ದೆ, ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆಯಾಗಿ. ಎಲೀಷ ಹಿಂದೆ ಬಲ್ಬು ಕಟ್ಟಿ ನೋಡಿದ. ಗಾಳಿಗೆ ಹಾಳೆ ಬಲ್ಬಿಗೆ ತಾಗಿ ಕರಕಾಯಿತು, ಬಿಚ್ಚಿಟ್ಟ. ಯೋನ ಕಟ್ಟಲೇ ಇಲ್ಲ. ಎರಡೂ ಬಾಗಿಲು ಕತ್ತಲೆ.

ಹಬ್ಬ ಇನ್ನೇನು ಹತ್ತಿರ ಬಂದಿತ್ತು. ಪ್ರಾರ್ಥನೆ ಬಿಟ್ಟು ಬಹಳ ಹೊತ್ತಾಗಿತ್ತು. ಎಲೀಷ ಗೋಡೆಯಾಚೆ ಕೂಗಿದ: "ಅವ್ವನ್ನ ಕಳಸು! ರೊಟ್ಟಿ ಆರಾಕ ಹತ್ಯಾವು."

"ಆಕಿ ನಿನ್ನ ಮನ್ಯಾಗಿಲ್ಲೇನ? ನಾಟಕ ಮಾಡಬ್ಯಾಡ!"

ಮರುಕ್ಷಣ ಎರಡೂ ಬಾಗಿಲು ಒಟ್ಟಿಗೇ ತೆರೆದವು.

ಮುಂದಿನದನ್ನು ಓಣಿಯ ಆ ತುದಿಯ ಸುಗಂಧವ್ವ ಮಾರನೇ ದಿನ ನನ್ನ ಎದುರೇ ಎಲ್ಲರಿಗೂ ಹೇಳಿದಳು. ಕರುಣವ್ವ ಆಕೆಯ ಮನೆ ಕಟ್ಟೆಯ ಮೇಲೆ, ಆಕೆಯ ಚಿಕ್ಕಿಯ ಕೆಳಗೆ ಕುಳಿತಿದ್ದಳು. ಗಟಾರಕ್ಕೆ ಕಾಲು ಜಾರಿ ಮೊಣಕಾಲು ತರಚಿತ್ತು. ತಿರುವು ದಾಟಿದ ಮೇಲೆ ಮೊದಲು ಕಂಡ ಚಿಕ್ಕಿಯನ್ನೇ ತನ್ನ ಮನೆ ಅಂದುಕೊಂಡು, ನಮ್ಮ ಬಾಗಿಲು ದಾಟಿ ಹೋಗಿದ್ದಳು.

"ಏಳಬೇ, ಮನಿಗಿ ಹೋಗೂಣು," ಎಂದು ಮಕ್ಕಳಿಬ್ಬರೂ ಒಂದೊಂದು ತೋಳು ಹಿಡಿದರಂತೆ.

"ಯಾವ ಮನಿಗಿ?" ಅಂದಳಂತೆ ಕರುಣವ್ವ. "ಕೈ ಬಿಡ್ರಿ. ನನ್ನೂ ಹರಿದು ಪಾಲ ಮಾಡತೀರೇನು?"

ಇಬ್ಬರೂ ತೋಳು ಬಿಟ್ಟರಂತೆ. ಆಕೆ ತಾನಾಗಿ ಎದ್ದು ಇಬ್ಬರ ಹೆಗಲಿಗೂ ಕೈ ಇಟ್ಟು ನಡೆದಳು.

ಬಂದವಳೇ ತನ್ನ ಟ್ರಂಕಿನಿಂದ ಆ ಕಡ್ಡಿಗಳನ್ನು ತೆಗೆದು ಅಂಗಳದಲ್ಲಿಟ್ಟಳು. ಯೋನ ನನ್ನೆರಡು ಮೈಗಳನ್ನು ಜೋಡಿಸಿ ಹಿಡಿದ. ಎಲೀಷ ನೂಲು ಸುತ್ತಿದ. ಅಪ್ಪನ ಗಂಟು ಇಬ್ಬರಿಗೂ ಸರಿಯಾಗಿ ಬರಲಿಲ್ಲ, "ಹಂಗಲ್ಲೋ, ಒಳಗಿಂದ ತಗಿ," ಅಂತ ಬೈದುಕೊಂಡೇ ಬಿಗಿದರು. ಎಲ್ಲಿ ಏರಿಸುವುದು? ಕರುಣವ್ವ ನಡುಗೋಡೆ ತೋರಿಸಿದಳು. ಕರೆಂಟು ಯೋನನ ಮನೆಯದು, ಬಲ್ಬು ಎಲೀಷನದು. ಹೊಟ್ಟೆ ತುಂಬ ಬೆಳಕು ಬಿತ್ತು.

ಆಕೆ ಮೊಣಕಾಲು ಹಿಡಿದುಕೊಂಡೇ ತಿರುವಿನವರೆಗೆ ಹೋಗಿ ನಿಂತಳು. ಕಾಣತೈತೇನ ಅಂತ ಯಾರೂ ಕೇಳಿರಲಿಲ್ಲ. ಆದರೂ ಕೂಗಿದಳು: "ಕಾಣತೈತಿ!"

ಗೋಡೆ ಬಿತ್ತು ಅಂತ ಹೇಳಿದರೆ ಸುಳ್ಳಾದೀತು. ಗೋಡೆ ನಿಂತೇ ಇದೆ. ಬಚ್ಚಲ ನೀರಿಗೆ ಇವತ್ತಿಗೂ ಅಣ್ಣತಮ್ಮಂದಿರು ಕಚ್ಚಾಡುತ್ತಾರೆ, ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಕರುಣವ್ವ ಈಗ ಗಂಡನ ಮಗ್ಗುಲಲ್ಲಿ ಮಣ್ಣಾಗಿದ್ದಾಳೆ. ನಡುಗೋಡೆಯ ಗಳಕ್ಕೆ ಪ್ಲಾಸ್ಟಿಕ್ ಚಿಕ್ಕಿ ಬಂದಿದೆ. ನಾನು ಯೋನನ ಅಟ್ಟದಲ್ಲಿ, ಮಗ್ಗದ ಹಳೆಯ ಲಾಳಿಗಳ ಜೊತೆ ಬಿದ್ದಿದ್ದೇನೆ. ಡಿಸೆಂಬರ್ ಬಂದಾಗ ಎಲೀಷ ಈ ಕಡೆಯ ಬಾಗಿಲಿಗೆ ಬರುತ್ತಾನೆ. "ಅಣ್ಣಾ, ಚಿಕ್ಕಿ ಐತೇನ?" ಅನ್ನುತ್ತಾನೆ. ಇಬ್ಬರೂ ಅಟ್ಟದ ಕೆಳಗೆ ನಿಂತು ನನ್ನನ್ನು ನೋಡಿ, ಚಹಾ ಕುಡಿಯುತ್ತಾರೆ.

ನನ್ನ ಬಿದಿರನ್ನು ಹುಳ ತಿಂದಿದೆ. ಹಾಳೆ ಹರಿದು ಜೋಲುತ್ತಿದೆ. ಒಳಗಿನ ಕಡ್ಡಿಗಳು ಮಾತ್ರ ಗಟ್ಟಿಯಾಗಿವೆ. ಅವು ಕರುಣವ್ವನ ಪಾಲು.