ಪಾಪೆಯ ಬಣ್ಣ

"ಸ್ವಲ್ಪ ಬೆಳಕಿನ ಕಡೆ ತಿರುಗ್ತೀರಾ?" ಎಂದಳು ಹುಡುಗಿ.

ಕಣ್ಣು ಮಾಡುವವಳು ಸ್ಟೂಲನ್ನು ಕಿಟಕಿಗೆ ತಿರುಗಿಸಿಕೊಂಡಳು. ಕೃತಕ ಕಣ್ಣು ಮಾಡುವ ಈ ಅಂಗಡಿಯಲ್ಲಿ ಮೂರು ವರ್ಷದಿಂದ ಎದುರಿಗೆ ಕೂತವರ ಕಣ್ಣು ನೋಡಿ ಪಾಪೆ ಬರೆಯುತ್ತಿದ್ದವಳು ಅವಳು. ಇವತ್ತು ಎದುರಿಗೆ ಕೂತವಳೂ ಅವಳೇ.

ವೀಸಾ ಇನ್ನೆರಡು ತಿಂಗಳಿಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸಲು ಯಜಮಾನ ಅರ್ಜಿ ಹಾಕಬೇಕಾದರೆ, ಈ ಕೆಲಸಕ್ಕೆ ಈ ದೇಶದವರು ಯಾರೂ ಸಿಗಲಿಲ್ಲವೆಂದು ಮೊದಲು ತೋರಿಸಬೇಕು, ಅದಕ್ಕೆ ಜಾಹೀರಾತು ಕೊಡಬೇಕು. ಅದನ್ನೂ, ಅವಳೊಬ್ಬಳಿಗೇ ಹೊಂದುವಂತೆ, ಅವಳ ಕೈಯಲ್ಲೇ ಬರೆಸಿದ್ದ. "ನಿನ್ನ ಚಪ್ಪಲಿ ಅಳತೆ ಒಂದು ಬಿಟ್ಟು ಎಲ್ಲಾ ಹಾಕು, ಯಾರು ಬರ್ತಾರೆ ನೋಡೋಣ" ಎಂದು ನಕ್ಕಿದ್ದ. ಇದೇ ದೇಶದವಳಾದ ಈ ಹುಡುಗಿ ಬಂದಳು. ಯಜಮಾನನಿಗೆ ಅಚ್ಚು ತೆಗೆಯುವುದು ಬಿಟ್ಟರೆ ಬಣ್ಣದ ಗಂಧಗಾಳಿಯಿಲ್ಲ. ಹಾಗಾಗಿ ಹುಡುಗಿಯನ್ನು ಪರೀಕ್ಷೆ ಮಾಡಿ ಸಹಿ ಹಾಕುವುದೂ ಅವಳ ತಲೆಗೇ ಬಂತು.

ಬೆಳಿಗ್ಗೆ ಅಕ್ಕ ಫೋನಿನಲ್ಲಿ, "ಅವಳಿಗೆ ಕೆಲಸ ಬರಲ್ಲ ಅಂತ ಬರೆದು ಕೈ ತೊಳ್ಕೊಳೇ" ಎಂದಿದ್ದಳು. "ಇಲ್ಲಿಗೆ ಬಂದು ಏನ್ಮಾಡ್ತೀಯ, ಗೊಂಬೆಗೆ ಕಣ್ಣು ಅಂಟಿಸ್ತೀಯಾ?" ಅಕ್ಕ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಊರಲ್ಲಿ ತಂಗಿ ಮೊದಲು ಕೆಲಸಕ್ಕಿದ್ದ ಕ್ಲಿನಿಕ್ಕು ಮುಚ್ಚಿ ವರ್ಷವಾಗಿತ್ತು.

ಹುಡುಗಿ ಅಂಗಿಗುಂಡಿಯಷ್ಟಗಲದ ಬಿಲ್ಲೆಯ ಮೇಲೆ ಇವಳ ಪಾಪೆ ಬರೆಯುತ್ತಿದ್ದಳು. ಮೊದಲ ಅರ್ಧ ಗಂಟೆ ಇವಳು ತಪ್ಪು ಹುಡುಕಿದಳು. ಕುಂಚ ಹಿಡಿದದ್ದು ಸರಿಯಿತ್ತು. ಒಂದು ಪದರ ಒಣಗುವ ಮುಂಚೆ ಇನ್ನೊಂದಕ್ಕೆ ಕೈ ಹಾಕಲಿಲ್ಲ. ಆಮೇಲೆ ಹುಡುಕುವುದು ಮರೆತುಹೋಯಿತು. ಹುಡುಗಿ ಮತ್ತೆಮತ್ತೆ ಬಗ್ಗಿ, ಉಸಿರು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದಳು. ಈ ಊರಲ್ಲಿ ಲಿಫ್ಟಿನಲ್ಲಿರುವವರು ಮಹಡಿಯ ಅಂಕಿ ನೋಡುತ್ತಿದ್ದರು, ಪಕ್ಕದ ಮನೆಯವನು ತನ್ನ ಬೀಗದ ಕೈ ನೋಡುತ್ತಿದ್ದ. ರೋಗಿಗಳಿಗಂತೂ ಗೋಡೆಯ ಮೇಲಿನ ಚುಕ್ಕೆ ನೋಡಿ ಎಂದು ಅವಳೇ ಹೇಳುತ್ತಿದ್ದಳು. ಕತ್ತು ನೋಯುತ್ತಿತ್ತು. ಸಾಕು ಎನ್ನಲಿಲ್ಲ.

"ಕೆಳಗಡೆ ಒಂದು ಹಸಿರು ಎಳೆ ಇದೆ, ಗೊತ್ತಾ ನಿಮಗೆ?"

"ನಂಗಾ? ಇಲ್ಲಪ್ಪ."

"ಇದೆ. ಒಂದೇ ಒಂದು."

ಬಣ್ಣ ಒಣಗಿದ ಮೇಲೆ ಇವಳು ಬಿಲ್ಲೆಯನ್ನು ಕಣ್ಣಿನ ಪಕ್ಕ ಹಿಡಿದು ಕನ್ನಡಿಯಲ್ಲಿ ನೋಡಿದಳು. ಎಳೆ ಎರಡರಲ್ಲೂ ಇತ್ತು. ಅಂಚು ಒಂದು ಚೂರು ಕಪ್ಪಾಯಿತೇನೋ. ಅದನ್ನೇ ತಪ್ಪೆಂದು ಹಿಡಿದುಕೊಳ್ಳಬಹುದಿತ್ತು, ಆದರೆ ಅಂಚು ಅವಳ ಕೈಯಲ್ಲೂ ಕಪ್ಪಾಗುತ್ತಿತ್ತು.

ಫಾರಮ್ಮಿನಲ್ಲಿ ಎರಡೇ ಚೌಕ. 'ಅರ್ಹರು' ಎಂಬಲ್ಲಿ ಗುರುತು ಹಾಕಿ ಯಜಮಾನನ ಮೇಜಿನ ಮೇಲಿಟ್ಟಳು. ಅವನು ಓದಿ, ಕನ್ನಡಕ ತೆಗೆದು, ಇನ್ನೊಂದು ಸಲ ನೋಡಬಾರದೇ ಎಂದು ಮೆಲ್ಲಗೆ ಕೇಳಿದ.

"ನೋಡಿದೆ" ಎಂದಳು.

ಹಿಂದಿನ ಕೋಣೆಯಲ್ಲಿ ಹುಡುಗಿ ಕುಂಚ ತೊಳೆಯಲು ಹೋಗಿ, ನೀರು ಕೊರೆಯುತ್ತಿದ್ದರಿಂದ ಕೈ ಹಿಂದಕ್ಕೆಳೆದುಕೊಂಡಳು.

"ಬಿಸಿನೀರು ಬರೋಕೆ ಹೊತ್ತು ಹಿಡಿಯುತ್ತೆ. ಬಿಟ್ಟುಕೊಂಡು ನಿಂತಿರಬೇಕು" ಎನ್ನುತ್ತ ಇವಳು ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. ಇಬ್ಬರೂ ನೀರಿಗೆ ಬೆರಳೊಡ್ಡಿ ನಿಂತರು.